ಉಡಗಳಿಗೊಂದು ಸರ್ವರ್ ರೂಮು

ದಣಿವಿನಲ್ಲಿ ಎರಡು ಬಗೆ ಇದೆಯೆಂದು ನಾನು ಇತ್ತೀಚೆಗೆ ಕಂಡುಕೊಂಡೆ. ಒಂದು, ಕೆಲಸ ಮಾಡಿ ಬರುವ ದಣಿವು. ಅದು ಮರ್ಯಾದಸ್ಥ ದಣಿವು. ಸ್ನಾನ ಮಾಡಿ, ಗಂಜಿ ಉಂಡು, ಕಾಲು ಚಾಚಿದರೆ ಹೋಗುತ್ತದೆ. ಇನ್ನೊಂದು, ಹಗಲಿಡೀ ಮಾಡಿದ ಕೆಲಸವನ್ನು ಸಂಜೆ ಕೂತು ಬುಡಮೇಲು ಮಾಡಬೇಕಾಗಿ ಬಂದಾಗ ಹತ್ತುವ ದಣಿವು. ಅದು ಎಲುಬಿನೊಳಗೇ ಬಾಡಿಗೆಗೆ ಕೂರುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ನಾನು ದೋಹಾದ ಒಂದು ಏಸಿ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ತಂಪು ಗಾಳಿ ಎಲ್ಲಿಂದ ಹೊರಟು ಯಾವ ಕೊಳವೆಯಲ್ಲಿ ಹಾದು ಯಾರ ತಲೆಯ ಮೇಲೆ ಬೀಳಬೇಕು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು ನನ್ನ ಕಸುಬು. ಕಾರಿನ ಸ್ಟೇರಿಂಗ್ ಮುಟ್ಟಿದರೆ ಅಂಗೈ ಸುಡುವ ಊರಿನಲ್ಲಿ ಜನ ಶಾಲು ಹೊದ್ದು ಮೀಟಿಂಗ್ ಮಾಡುವಂತೆ ಮಾಡುವ ಪುಣ್ಯದಲ್ಲಿ ನನ್ನದೂ ಒಂದು ಪಾಲಿದೆ. ಅಂಥವನು ಈ ಬೇಸಗೆಯ ಸಂಜೆಗಳನ್ನೆಲ್ಲ, ಏಸಿ ಹಾಕಿದ ಕೋಣೆಯ ಮೂಲೆಯಲ್ಲಿ ಎರಡು ಉಡಗಳಿಗೆ ಸೆಕೆ ಮಾಡಿಕೊಡುವುದು ಹೇಗೆಂದು ಯೋಚಿಸುತ್ತ ಕಳೆದೆ.

ಹೌದು, ಉಡ. ನೀವು ಓದಿದ್ದು ಸರಿಯಾಗಿಯೇ ಇದೆ. ನನಗೂ ಮೊದಲು ನಂಬಿಕೆ ಬರಲಿಲ್ಲ.

ನಮ್ಮ ಮನೆಯ ಪರಿಚಯ ಮಾಡಿಕೊಡುತ್ತೇನೆ. ಓಲ್ಡ್ ಏರ್‌ಪೋರ್ಟ್ ಕಡೆಯ ಹಳೆಯ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿ ಅಕ್ಕ, ದಿವಾಕರ ಭಾವ ಮತ್ತು ಅವರಿಬ್ಬರ ತಲೆಯ ಮೇಲೆ ನಾನು. ಭಾವ ಏಸಿ ರಿಪೇರಿಯವರ ಸೂಪರ್‌ವೈಸರ್. ಈ ಊರಿನ ಅರ್ಧಕ್ಕರ್ಧ ಏಸಿಗಳ ಹೊಟ್ಟೆಯೊಳಗೆ ಕೈಯಾಡಿಸಿದವರು. ನನ್ನನ್ನು ಸುರತ್ಕಲ್ಲಿನ ಕಟ್ಟೆಯ ಮೇಲಿಂದ ಎಬ್ಬಿಸಿ ಇಲ್ಲಿಗೆ ಕರೆಸಿ ಕೆಲಸ ಕೊಡಿಸಿದವರೂ ಅವರೇ. ಆ ಉಪಕಾರಕ್ಕೆ ನಾನು ಮಾಡುವ ಪ್ರತ್ಯುಪಕಾರವೆಂದರೆ ಅವರನ್ನು ಅಣಕಿಸುವುದು. ಇದೊಂದು ಚಟ. ಯಾರ ಜೊತೆ ಸ್ವಲ್ಪ ಹೊತ್ತು ಮಾತಾಡಿದರೂ ಅವರ ಸ್ವರ ನನ್ನ ಗಂಟಲಿಗೆ ಬಂದು ಕೂತುಬಿಡುತ್ತದೆ. "ಯಾ ಹಬೀಬಿ, ಟುಡೇ, ಟುಡೇ" ಎಂದು ನಾಳೆಯ ಡ್ರಾಯಿಂಗನ್ನು ನಿನ್ನೆಯೇ ಕೇಳುವ ನಮ್ಮ ಮ್ಯಾನೇಜರು, ಊರಿಗೆ ಫೋನ್ ಮಾಡುವಾಗ ಫೋನೇ ಬೇಡ ಎನ್ನುವಷ್ಟು ಜೋರಾಗಿ ಕೂಗುವ ಅಕ್ಕ, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಭಾವನ ಸ್ವರದಲ್ಲಿ ಅಡುಗೆಮನೆಗೆ ಕೇಳುವ ಹಾಗೆ ಚಹಾ ಬೇಕೆಂದು ಕೂಗಿ, ಬಂದ ಚಹಾ ಕುಡಿದು, ಅಕ್ಕನಿಂದ ಸೌಟಿನಲ್ಲಿ ಪೆಟ್ಟು ತಿಂದದ್ದೂ ಉಂಟು. ಭಾವ ಮಾತ್ರ ಬೈಯುವುದಿಲ್ಲ. "ಪಚ್ಚು, ನನ್ನ ಸ್ವರ ನೀನೇ ಇಟ್ಕೊ ಮಾರಾಯ, ನಂಗೆ ಮಾತಾಡಿ ಸಾಕಾಗಿದೆ" ಎನ್ನುತ್ತಾರೆ.

ಇನ್ನು ನಮ್ಮ ಮನೆಯ ಸಾಮಾನು. ಗಲ್ಫಿನಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿಂದ ಯಾರಾದರೂ ಶಾಶ್ವತವಾಗಿ ಊರಿಗೆ ಹೊರಟರೆಂದರೆ, ಅವರು ವಿಮಾನಕ್ಕೆ ಹತ್ತಿಸಲಾಗದ್ದೆಲ್ಲ ಉಳಿದವರ ಮನೆಗೆ ಬರುತ್ತದೆ. ನಮ್ಮ ಸೋಫಾ ಒಬ್ಬ ಕುಂದಾಪುರದವರದ್ದು, ಫ್ರಿಜ್ಜು ಒಬ್ಬ ಮಲಯಾಳಿ ನರ್ಸಮ್ಮನದ್ದು, ಬಾಲ್ಕನಿಯ ತುಳಸಿ ಗಿಡ ಮೂರು ಮನೆ ಕಂಡು ನಾಲ್ಕನೆಯದಾಗಿ ಇಲ್ಲಿಗೆ ಬಂದದ್ದು. ಹಾಲ್‌ನ ಏಸಿ ಯಾರದ್ದೆಂದು ಭಾವನಿಗೂ ಮರೆತುಹೋಗಿದೆ. ಕೊಡುವವರಿಗೆ ಬಿಟ್ಟು ಹೋಗುವ ದುಃಖ, ತೆಗೆದುಕೊಳ್ಳುವವರಿಗೆ ಬೇಡವೆನ್ನಲಾಗದ ದಾಕ್ಷಿಣ್ಯ. ಅಕ್ಕನಿಗಂತೂ "ಬೇಡ" ಎಂಬ ಶಬ್ದವನ್ನು ಶಾಲೆಯಲ್ಲಿ ಕಲಿಸಿಯೇ ಇಲ್ಲ.

ಈ ದಾರಿಯಲ್ಲೇ ಉಡಗಳೂ ಬಂದದ್ದು. ಕೆಳಗಿನ ಮಹಡಿಯಲ್ಲಿ ಲಿಲ್ಲಿ ಟೀಚರ್ ಇದ್ದರು. ಮಂಗಳೂರಿನವರು, ಇಲ್ಲಿನ ಶಾಲೆಯೊಂದರಲ್ಲಿ ಬಯಾಲಜಿ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ಆದರೆ ಪೂರ್ತಿ ಒಂಟಿಯಲ್ಲ, ಜೊತೆಗೆ ಪೀಟರ್ ಮತ್ತು ಪೌಲಿನ್ ಎಂಬ ಎರಡು ಆಫ್ರಿಕಾದ ಉಡಗಳು. ಬಾಲ ಸೇರಿಸಿದರೆ ಒಂದೊಂದೂ ನೆಲದಿಂದ ನನ್ನ ಸೊಂಟಕ್ಕೆ ಬರುವಷ್ಟು ಉದ್ದ. ಅವೂ ಯಾರೋ ಹೊರಟು ಹೋದವರು ಟೀಚರಿಗೆ ಬಿಟ್ಟು ಹೋದದ್ದೇ. ಟೀಚರ್ ಊರಿಗೆ ಹೊರಡುವ ಹೊತ್ತಿಗೆ ಅವುಗಳಿಗೊಂದು ಗತಿ ಕಾಣಿಸಿದ್ದರು. ಪರಿಚಯದ ಒಬ್ಬ ದಕ್ಷಿಣ ಆಫ್ರಿಕಾದ ಪ್ರಾಣಿ ವೈದ್ಯರು ಸಾಕುತ್ತೇನೆ ಎಂದಿದ್ದರಂತೆ. ಆದರೆ ಅವರು ರಜೆಯಲ್ಲಿ ಊರಿಗೆ ಹೋಗಿದ್ದರು, ಬೇಸಗೆ ಮುಗಿದ ಮೇಲೆಯೇ ಬರುವುದು. ಅಲ್ಲಿಯವರೆಗೆ?

"ಅಲ್ಲಿವರೆಗೆ ನಮ್ಮಲ್ಲಿ ಇರ್ಲಿ ಟೀಚರ್" ಎಂದಳು ಅಕ್ಕ. ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂದು ಗೊತ್ತಾಗಿ ಮುಖ ಬಿಳಿಚಿಕೊಂಡಿತು. ಟೀಚರ್ ಕೆಳಗಿಳಿದು ಹೋದ ಮೇಲೆ ಭಾವನ ಹತ್ತಿರ ಪಿಸುಗುಟ್ಟಿದಳು, "ಇವ್ರೇ, ಉಡ ಹೊಕ್ಕಿದ ಮನೆಯಲ್ಲಿ ಇರ್ಲಿಕ್ಕಾಗುದಿಲ್ಲ, ಮನೆ ಬಿಡ್ಬೇಕು ಅಂತ ಅಜ್ಜಿ ಹೇಳ್ತಿದ್ರು. ದೋಷ ಅಂತೆ."

ಭಾವ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಮನೆ ನಮ್ದಲ್ಲ ಅಲ್ವಾ, ಬಾಡಿಗೆದ್ದು. ದೋಷ ಎಂತ ಇದ್ರೂ ಓನರಿಗೆ."

ಟೀಚರ್ ಹಳೆಯ ಗೂಡನ್ನು ತಮ್ಮ ಮನೆಯ ಗೋಡೆಗೇ ಸೇರಿಸಿ ಕಟ್ಟಿಸಿದ್ದರು. ಕಿತ್ತರೆ ಗೋಡೆಯೂ ಬರುವಂತಿತ್ತು. ಹೊಸದನ್ನೇ ಮಾಡಬೇಕು. ಅದರ ಬೇಕು ಬೇಡಗಳನ್ನು ಅವರು ನನ್ನನ್ನು ಕೂರಿಸಿ ಪಾಠ ಮಾಡಿದರು. ಅಗೆಯಲು ಮೊಣಕಾಲಿನಷ್ಟು ಆಳದ ಮಣ್ಣು. ಒಂದು ಕೊನೆ ಅಂಗಾರದ ಹಾಗೆ ಬಿಸಿ, ಇನ್ನೊಂದು ಕೊನೆ ಹದವಾಗಿ. "ಬಾಬಾ, ಇದು ಒಂದು ನೆನಪಿಟ್ಕೋ" ಎಂದರು, ತರಗತಿಯ ಕೊನೆಯ ಬೆಂಚಿಗೆ ಕೇಳುವ ಸ್ವರದಲ್ಲಿ. "ನಮ್ಮ ಹಾಗೆ ಅವಕ್ಕೆ ಒಳಗಿನಿಂದ ಬಿಸಿ ಬರುದಿಲ್ಲ. ಹೊರಗಿಂದ ಬಿಸಿ ಸಿಗದಿದ್ರೆ ತಿನ್ನುದಿಲ್ಲ. ತಿಂದ್ರೂ ಹೊಟ್ಟೆಯಲ್ಲೇ ಕೊಳೀತದೆ. ಮತ್ತೆ ಬದುಕುದಿಲ್ಲ. ಗೊತ್ತಾಯ್ತಾ?"

ನಾನು ಎದೆ ಉಬ್ಬಿಸಿದೆ. "ಟೀಚರ್, ನಾವು ಮೂವತ್ತು ಮಹಡಿಯ ಟವರಿಗೆ ಏಸಿ ಮಾಡುವವರು. ಒಂದು ಪೆಟ್ಟಿಗೆ ಎಂತ ದೊಡ್ಡ ಸಂಗತಿ?" ಈ ವಾಕ್ಯವನ್ನು ಈಗ ಯಾರಾದರೂ ನನ್ನ ಸ್ವರದಲ್ಲಿ ಅಣಕಿಸಿದರೆ ನಾನು ಅವರ ಕಾಲಿಗೆ ಬೀಳುತ್ತೇನೆ.

ನಮ್ಮ ಕಸುಬಿನ ಒಂದು ಒಳಗುಟ್ಟು ಹೇಳುತ್ತೇನೆ. ಡ್ರಾಫ್ಟ್ಸ್‌ಮನ್ ಎಂಬವನು ಏನನ್ನೂ ಹೊಸದಾಗಿ ಬಿಡಿಸುವುದಿಲ್ಲ. ಹಳೆಯ ಯಾವುದೋ ಕಟ್ಟಡದ ಡ್ರಾಯಿಂಗ್ ತೆಗೆದು, ಹೆಸರು ಅಳಿಸಿ, ಹೊಸ ಹೆಸರು ಹಾಕಿ, ನಾಲ್ಕು ಗೆರೆ ಆಚೆ ಈಚೆ ಮಾಡುತ್ತಾನೆ. ಆಸ್ಪತ್ರೆಯ ಡ್ರಾಯಿಂಗಿನಲ್ಲಿ "ಈಜುಕೊಳ" ಎಂದು ಉಳಿದುಹೋಗಿ ಬೈಸಿಕೊಂಡವರನ್ನು ನಾನು ಬಲ್ಲೆ. ದಿನವಿಡೀ ಗೆರೆ ಎಳೆದು ಬಂದ ಕಣ್ಣಿಗೆ ಇನ್ನೂ ಗೆರೆ ಬೇಡವಾಗಿತ್ತು. ಅಳತೆ ಸರಿಹೊಂದುತ್ತದೆಂದು ಯಾವುದೋ ಆಫೀಸಿನ ಸರ್ವರ್ ರೂಮಿನ ಡ್ರಾಯಿಂಗ್ ತೆಗೆದೆ. ಕಂಪ್ಯೂಟರುಗಳ ಪೆಟ್ಟಿಗೆ ಇದ್ದಲ್ಲಿ ಪೀಟರ್ ಎಂದು ಬರೆದೆ, ಇನ್ನೊಂದರ ಮೇಲೆ ಪೌಲಿನ್. ತಂಪು ಗಾಳಿಯ ಯಂತ್ರ ಅಳಿಸಿ ಅಲ್ಲಿ ಹೀಟರ್ ಕೂರಿಸಿದೆ. ಬೆಳಕು ಕೊಡದೆ ಕಾವು ಮಾತ್ರ ಕೊಡುವ ಪಿಂಗಾಣಿಯ ಹೀಟರುಗಳು, ಯಾಕೆಂದರೆ ಬೆಳಕಿಗೆ ಬೇರೆ ಟ್ಯೂಬ್ ಇತ್ತು. ಥರ್ಮೋಸ್ಟ್ಯಾಟ್, ವೈರುಗಳು, ಉಳಿದದ್ದೆಲ್ಲ ಇದ್ದ ಹಾಗೆಯೇ ಇರಲಿ ಎಂದು ಬಿಟ್ಟೆ. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು.

ಪೆಟ್ಟಿಗೆ ಮಾಡಿದ್ದು ಹಮೀದ್ ಕಾಕ. ಉಳ್ಳಾಲದವರು, ಭಾವನ ಹಳೆಯ ಗೆಳೆಯ, ಸನಯ್ಯದಲ್ಲಿ, ಅಂದರೆ ಇಲ್ಲಿನ ಕೈಗಾರಿಕಾ ಬಡಾವಣೆಯಲ್ಲಿ, ಮರಗೆಲಸದ ಅಂಗಡಿ ಇಟ್ಟವರು. ಡ್ರಾಯಿಂಗ್ ನೋಡಿ, "ಎಂತದು ಇದು, ಮಯ್ಯತ್ತಿನ ಪೆಟ್ಟಿಗೆಯಾ, ಹೆಣ ಇಡ್ಲಿಕ್ಕೆ?" ಎಂದು ಕೇಳಿದರು. ಉಡಕ್ಕೆ ಎಂದಾಗ, "ನಿನ್ನ ಅಕ್ಕನ ಮನೆಯಲ್ಲಿ ನಿನಗೇ ಒಂದು ಕೋಣೆ ಇಲ್ಲ, ಸೋಫಾದಲ್ಲಿ ಮಲಗ್ತಿ. ಉಡಕ್ಕೆ ಇನ್ಸುಲೇಶನ್ ಹಾಕಿದ ಬೆಡ್‌ರೂಮು. ಯಲ್ಲಾ, ಮಾಡುವಾ" ಎಂದರು. ಮಾಡಿದರು ಕೂಡ. ಸುತ್ತ ದಪ್ಪ ಹಲಗೆ, ಹಲಗೆಯೊಳಗೆ ಏಸಿ ಕೊಳವೆಗೆ ಸುತ್ತುವ ಬೆಳ್ಳಿ ಹಾಳೆಯ ಹೊದಿಕೆ, ಮುಂದೆ ಗಾಜು. "ಇದರೊಳಗೆ ಹೋದ ಬಿಸಿ ಹೊರಗೆ ಬರ್ಬೇಕಾದ್ರೆ ವೀಸಾ ಬೇಕು" ಎಂದು ಹಲಗೆಗೆ ಎರಡು ಪೆಟ್ಟು ಕೊಟ್ಟರು.

ಭಾವ ವೈರು ಎಳೆದರು. ಏಸಿಯವರು ಥರ್ಮೋಸ್ಟ್ಯಾಟ್ ಪರೀಕ್ಷೆ ಮಾಡುವ ಒಂದು ಕ್ರಮವಿದೆ, ಕಣ್ಣಿನಿಂದಲ್ಲ, ಕಿವಿಯಿಂದ. ತಿರುಗಣೆಯನ್ನು ಮೆಲ್ಲನೆ ತಿರುಗಿಸುವುದು, "ಟಕ್" ಎಂದರೆ ಸರಿ ಇದೆ, ಮತ್ತೆ ಬೇಕಾದಲ್ಲಿಗೆ ತಂದು ಬಿಡುವುದು. ಭಾವ ತಿರುಗಿಸಿದರು. ಟಕ್. "ಓಕೆ, ಖಲಾಸ್" ಎಂದು ಮೂವತ್ತೈದಕ್ಕೆ ಇಟ್ಟು ಕೈ ಒರೆಸಿಕೊಂಡರು. ಟೀಚರ್ ವಿಮಾನ ಹತ್ತುವ ಮೊದಲು ಬಂದು ಎರಡರ ತಲೆಯನ್ನೂ ಸವರಿ, ಒಂದು ಶಿಲುಬೆಯ ಗುರುತು ಹಾಕಿ, ನನ್ನ ತಲೆಯನ್ನೂ ಸವರಿ ಹೋದರು.

ಪೀಟರ್ ಮತ್ತು ಪೌಲಿನ್ ಪೆಟ್ಟಿಗೆಯೊಳಗೆ ಕೂತವು. ಕೂತದ್ದು ಕೂತೇ ಇದ್ದವು.

ಮೊದಮೊದಲು ನಾವು ಇದನ್ನು ಶಾಂತಿ ಎಂದು ತಿಳಿದೆವು. "ಎಷ್ಟು ಪಾಪದವು ನೋಡಿ" ಎಂದಳು ಅಕ್ಕ. ಆಮೇಲೆ ಅವು ತಿನ್ನದಿರುವುದು ಕಂಡಿತು. ಇವಕ್ಕೆ ಆಹಾರ ಜಿರಳೆ. ಈ ಕಟ್ಟಡಕ್ಕೆ ಬಂದ ದಿನದಿಂದ ಜಿರಳೆಗಳ ಮೇಲೆ ಯುದ್ಧ ಸಾರಿ, ಪ್ರತಿ ಮೂಲೆಗೂ ಜೆಲ್ ಹಚ್ಚಿ, ಸಿಂಕಿನ ಕೆಳಗೆ ಕಾವಲು ಕೂತ ನನ್ನ ಅಕ್ಕನ ಮನೆಗೆ ನಾನು ಸೂಕ್‌ನ, ಅಂದರೆ ಇಲ್ಲಿನ ಸಂತೆಪೇಟೆಯ, ಅಂಗಡಿಯಿಂದ ದುಡ್ಡು ಕೊಟ್ಟು ಡಬ್ಬಿಯಲ್ಲಿ ಜಿರಳೆ ತರುತ್ತಿದ್ದೆ. ಆ ಡಬ್ಬಿಯನ್ನು ನೋಡಿದಾಗ ಅವಳ ಮುಖದಲ್ಲಿ ಏನೋ ಒಂದು ಶಾಶ್ವತವಾಗಿ ಮುರಿದುಹೋಯಿತು. ಇಷ್ಟಾಗಿಯೂ ಉಡಗಳು ಅವನ್ನು ಮೂಸಿಯೂ ನೋಡಲಿಲ್ಲ. ಜಿರಳೆ ಪೀಟರನ ಮೂಗಿನ ಮೇಲೆಯೇ ಹತ್ತಿ ಇಳಿದು ಹೋಯಿತು. ಪೀಟರ್ ಕಣ್ಣು ಮುಚ್ಚಿದ, ಅಷ್ಟೇ. ಆ ಕಣ್ಣು ಮುಚ್ಚುವಿಕೆ ನನಗೆ ಚೆನ್ನಾಗಿ ಪರಿಚಯದ್ದು. ಸಂಜೆ ಆರಕ್ಕೆ ಮ್ಯಾನೇಜರು "ಟುಡೇ, ಟುಡೇ" ಎಂದು ಬರುವಾಗ ನಾನೂ ಹೀಗೆಯೇ ಮುಚ್ಚುವುದು.

ಪೆಟ್ಟಿಗೆ ಬಿಸಿ ಇದೆಯೇ ಎಂದು ನಾವು ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದೆವು. ಥರ್ಮೋಸ್ಟ್ಯಾಟ್ ಮೂವತ್ತೈದು ಎನ್ನುತ್ತಿತ್ತು. ನಾವು ಇಟ್ಟದ್ದನ್ನೇ ಅದು ಹೇಳುತ್ತಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ. ಹೀಟರು ಉರಿಯದಿರುವುದನ್ನು ಭಾವ ಗಮನಿಸಿದರು, ಮತ್ತು ಮೆಚ್ಚಿದರು. "ನೋಡು, ಒಮ್ಮೆ ಬಿಸಿಯಾದದ್ದು ಹಾಗೇ ನಿಂತಿದೆ. ಹಮೀದನ ಇನ್ಸುಲೇಶನ್ ಅಂದ್ರೆ ಹೀಗೆ." ಭಾವ ಇದನ್ನು ಕರೆ ಮಾಡಿ ತಿಳಿಸಿದಾಗ ಹಮೀದ್ ಕಾಕ ಫೋನಿನಲ್ಲೇ ಮೀಸೆ ತಿರುವಿದ್ದು ನನಗೆ ಕೇಳಿಸಿತು.

ಪ್ರತಿ ಸಂಜೆ ಟೀಚರ್ ವೀಡಿಯೋ ಕರೆ ಮಾಡುತ್ತಿದ್ದರು. ಹಿಡಿದರೆ ಉಡದ ಪಟ್ಟು. ಎರಡನ್ನೂ ನೋಡದೆ ಇಡುತ್ತಿರಲಿಲ್ಲ. "ತಿಂದ್ರಾ ಬಾಬಾ?" ತಿಂದವು ಟೀಚರ್. "ಓಡಾಡ್ತಾವಾ?" ಈಗಷ್ಟೇ ಓಡಾಡಿ ಮಲಗಿದವು ಟೀಚರ್. ಸುಳ್ಳು ಹೇಳುವುದೂ ಒಂದು ಕೆಲಸ, ಅದರಿಂದಲೂ ದಣಿವಾಗುತ್ತದೆ. ಪೌಲಿನಳ ಸೊಂಟದ ಹತ್ತಿರ ಚರ್ಮ ಸಡಿಲವಾಗಿ ಮಡಿಕೆ ಬೀಳತೊಡಗಿತ್ತು. ನಾನು ಆಫೀಸಿನಲ್ಲಿ ಗೆರೆ ಎಳೆಯುವಾಗಲೂ ಆ ಮಡಿಕೆಯೇ ಕಾಣುತ್ತಿತ್ತು. "ಮತ್ತೆ ಬದುಕುದಿಲ್ಲ, ಗೊತ್ತಾಯ್ತಾ" ಎಂಬ ಮಾತು ಟೀಚರ ಸ್ವರದಲ್ಲೇ, ನಾನು ಕೇಳಿಕೊಳ್ಳದಿದ್ದರೂ, ನನ್ನ ಗಂಟಲಲ್ಲಿ ತಿರುಗುತ್ತಿತ್ತು.

ಕೊನೆಗೆ ಇವಕ್ಕೆ ಟೀಚರ ನೆನಪಾಗಿದೆ, ಅದಕ್ಕೇ ಉಪವಾಸ, ಎಂದು ನಾನು ತೀರ್ಮಾನಿಸಿದೆ. ಒಂದು ಸಂಜೆ ಗಾಜು ಸರಿಸಿ, ಇಕ್ಕಳದಲ್ಲಿ ಜಿರಳೆ ಹಿಡಿದು, ಟೀಚರ ಸ್ವರ ತೆಗೆದೆ. "ಯೇ ಪೀಟರ್, ಯೇ ಬಾಳಾ, ಒಂದು ತುತ್ತು ತಿನ್ನು ನೋಡುವಾ..." ಒಳಗಿನಿಂದ ಅಕ್ಕ ಸೆರಗಿನಲ್ಲಿ ಕೈ ಒರೆಸುತ್ತ ಓಡಿ ಬಂದಳು. "ಟೀಚರ್! ಯಾವಾಗ ಬಂದ್ರಿ?" ಎಂದು ಹಾಲ್ ಎಲ್ಲ ಹುಡುಕಿ, ಕೊನೆಗೆ ಪೆಟ್ಟಿಗೆಯೊಳಗೆ ತಲೆ ಹಾಕಿ ಕೊಂಕಣಿ ಧಾಟಿಯಲ್ಲಿ ಗೋಗರೆಯುತ್ತಿದ್ದ ನನ್ನನ್ನು ಕಂಡು ಅಲ್ಲೇ ಕೂತಳು. "ಪಚ್ಚು, ನಿಂಗೆ ಎಂತ ಆಗಿದೆ ಮಾರಾಯ? ಊರಿಗೆ ಹೋಗಿ ಬರ್ತಿಯಾ ಸ್ವಲ್ಪ ದಿನ?" ಈ ಭೂಮಿಯ ಮೇಲೆ ನನ್ನ ಅಣಕಿಗೆ ಮರುಳಾಗದ ಪ್ರಾಣಿಗಳು ಆ ಎರಡೇ.

ಆಮೇಲೆ ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಹಾಲ್‌ನ ಏಸಿ ಸತ್ತಿತು. ದೀಪದ ಬುಡದಲ್ಲಿ ಕತ್ತಲೆ. ಊರಿನ ಏಸಿಗಳಿಗೆಲ್ಲ ಸರ್ವಿಸ್ ಮಾಡಿಸುವ ಭಾವ ಮನೆಯದ್ದರ ಮುಚ್ಚಳವನ್ನು ಯಾವತ್ತೂ ತೆಗೆದಿರಲಿಲ್ಲ. ಹಮೀದ್ ಕಾಕ ಜುಮಾ ಮುಗಿಸಿ ಊಟಕ್ಕೆ ಬಂದಿದ್ದರು. ಕೋರಿ ರೊಟ್ಟಿ, ಕೊನೆಯ ಮಹಡಿ, ತಲೆಯ ಮೇಲೆ ಕಾದ ಕಾಂಕ್ರೀಟು. ನಾವು ನಾಲ್ವರೂ ಸಾರಿನೊಂದಿಗೆ ಬೆವರನ್ನೂ ಉಣ್ಣುತ್ತಿದ್ದೆವು. ಭಾವ ಸ್ಟೂಲಿನ ಮೇಲೆ ಹತ್ತಿ ಏಸಿಯ ಹೊಟ್ಟೆ ಬಿಚ್ಚುತ್ತಿದ್ದಂತೆ ಅಕ್ಕ ಕೂಗಿದಳು, "ಅಯ್ಯೋ, ಇಲ್ಲಿ ನೋಡಿ!"

ಪೀಟರ್ ಎದ್ದು ನಿಂತಿದ್ದ. ನಾಲಿಗೆ ಹೊರಗೆ, ಒಳಗೆ, ಹೊರಗೆ. ಪೌಲಿನ್ ಮಣ್ಣು ಕೆದಕಿ ಗಾಜಿಗೆ ಎರಚುತ್ತಿದ್ದಳು. ಮನೆಯವರೆಲ್ಲ ಸೆಕೆಗೆ ಸಾಯುತ್ತಿರುವಾಗ ಅವೆರಡು ಮದುವೆಮನೆಗೆ ಬಂದವರ ಹಾಗೆ ಓಡಾಡುತ್ತಿದ್ದವು. ನಾವು ಬಾಯಿ ಬಿಟ್ಟು ನೋಡುತ್ತಿದ್ದಂತೆ ಪೆಟ್ಟಿಗೆಯ ಬದಿಯಿಂದ ಸದ್ದು ಬಂತು. ಟಕ್.

ಸ್ಟೂಲಿನ ಮೇಲಿದ್ದ ಭಾವ ನನ್ನನ್ನು ನೋಡಿದರು. ನಾನು ಭಾವನನ್ನು ನೋಡಿದೆ. ಪೆಟ್ಟಿಗೆಯೊಳಗೆ ಕೈ ಹಾಕಿದೆ. ಇಷ್ಟು ಕಾಲ ತಣ್ಣಗಿದ್ದ ಹೀಟರು ಈಗ, ಕೋಣೆಯೇ ಒಲೆಯಾಗಿರುವಾಗ, ಕಾಯತೊಡಗಿತ್ತು.

ನಮ್ಮ ಥರ್ಮೋಸ್ಟ್ಯಾಟ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಏಸಿಯ ಥರ್ಮೋಸ್ಟ್ಯಾಟ್ ಮಾಡುವುದು ಇಷ್ಟೇ: ಕೋಣೆ ತಂಪಿದ್ದರೆ ಸುಮ್ಮನಿರುವುದು, ಬಿಸಿಯಾದರೆ ಯಂತ್ರ ಚಾಲೂ ಮಾಡುವುದು. ಸರ್ವರ್ ರೂಮಿಗೆ ಅದು ಸರಿ. ಉಡಗಳು ಏಸಿಯ ತಂಪಿನಲ್ಲಿ ಮರಗಟ್ಟಿ ಕೂತಿದ್ದಾಗ ಅದು "ಆಹಾ, ತಂಪಾಗಿದೆ, ಇನ್ನೇನು ಬೇಕು" ಎಂದು ನಿದ್ದೆ ಮಾಡಿತ್ತು. ಈಗ ಬಿಸಿಯಾಯಿತಲ್ಲ, ತಣಿಸೋಣ ಎಂದು ಎದ್ದು ಹೀಟರು ಹಚ್ಚಿತ್ತು. ಹೀಟರಿನಿಂದ ಇನ್ನೂ ಬಿಸಿ, ಬಿಸಿಯಾದಷ್ಟೂ ಹೀಟರು. ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಪೀಟರ್ ಮತ್ತು ಪೌಲಿನ್ ಸುಕ್ಕಾ ಆಗುತ್ತಿದ್ದವು. ನಾನು ಓಡಿ ಪ್ಲಗ್ಗು ಕಿತ್ತೆ.

ಆಮೇಲೆ ನಡೆದದ್ದು ಈ ಊರಿನ ಪ್ರತಿ ಕಟ್ಟಡದಲ್ಲೂ ನಡೆಯುವಂಥದ್ದೇ. "ಡ್ರಾಯಿಂಗಲ್ಲಿ ಇದ್ದದ್ದನ್ನೇ ನಾನು ಹಾಕಿದ್ದು" ಎಂದರು ಭಾವ. "ಟಕ್ ಅಂತ ಕೇಳಿ ಓಕೆ ಅಂದದ್ದು ಯಾರು?" ಎಂದೆ ನಾನು. "ನನ್ನ ಹಲಗೆಯದ್ದು ಎಂತ ತಪ್ಪಿಲ್ಲ" ಎಂದರು ಹಮೀದ್ ಕಾಕ, ಯಾರೂ ಕೇಳದಿದ್ದರೂ. "ತಂಪನ್ನೂ ಹೊರಗೆ ಬಿಡ್ಲಿಲ್ಲ ನೋಡಿ." ಅಕ್ಕ ರೊಟ್ಟಿಯ ಬಟ್ಟಲು ಕೆಳಗಿಟ್ಟಳು. "ಮೂರು ಜನ ಗಂಡಸರು, ಮೂರು ಕಸುಬು. ಜೀವಮಾನದಲ್ಲಿ ಒಮ್ಮೆ ಒಂದು ಒಲೆ ಹೊತ್ತಿಸಿದ್ರೆ ಗೊತ್ತಾಗ್ತಿತ್ತು, ಬೆಂಕಿ ಹಾಕುದು ತಣ್ಣಗಿದ್ದಾಗ ಅಂತ!"

ಭಾವ ಸ್ಟೂಲಿನಿಂದ ಇಳಿದು, ತೆರೆದ ಏಸಿಯನ್ನು ಹಾಗೆಯೇ ಬಿಟ್ಟು, ಬೆವರು ಸುರಿಸುತ್ತ ಪೆಟ್ಟಿಗೆಯ ಮುಂದೆ ಕೂತರು. ಒಂದು ವೈರನ್ನು ಬಿಚ್ಚಿ, ತಂಪಾದಾಗ ಹೀಟರು ಹೊತ್ತುವ ಹಾಗೆ, ಪಕ್ಕದ ತಿರುಪಿಗೆ ಕಟ್ಟಿದರು. ಅಷ್ಟೇ. ತಿರುಗಣೆಯನ್ನು ಈ ಬಾರಿ ಎರಡೂ ಕಡೆ ತಿರುಗಿಸಿ, ಹೀಟರಿನ ಮೇಲೆ ಅಂಗೈ ಇಟ್ಟು, ಬಿಸಿ ತಾಗಿ ಕೈ ತೆಗೆಯುವವರೆಗೆ ನೋಡಿದರು. ಆ ಕೈಯಲ್ಲಿ ಅವರು ಮೊದಲ ಸಲ ಬಿಸಿಯನ್ನು ಪರೀಕ್ಷೆ ಮಾಡಿದ್ದೆಂದು ಕಾಣುತ್ತದೆ. ಮಾರನೆಯ ದಿನ ಸಂಜೆ ಪೀಟರ್ ಹೀಟರಿನ ಕೆಳಗಿನ ಕಲ್ಲಿನ ಮೇಲೆ ದೋಸೆಯ ಹಾಗೆ ಚಪ್ಪಟೆಯಾಗಿ ಬಿದ್ದುಕೊಂಡಿದ್ದ. ಪೌಲಿನ್ ಜಿರಳೆಯ ಜೊತೆ ಇಕ್ಕಳವನ್ನೂ, ಇಕ್ಕಳದ ಜೊತೆ ನನ್ನನ್ನೂ ಎಳೆದಳು. ಅಕ್ಕ ತಾನಾಗಿಯೇ ಇನ್ನೊಂದು ಡಬ್ಬಿ ತೆರೆದುಕೊಟ್ಟಳು, ಮುಖ ಆಚೆ ತಿರುಗಿಸಿ.

ಉಳಿದದ್ದು ಟೀಚರ್. ಆ ಸಂಜೆಯ ವೀಡಿಯೋದಲ್ಲಿ ಎರಡೂ ಕುಣಿಯುವುದನ್ನು ಕಂಡ ಟೀಚರ್ ನಗಲಿಲ್ಲ. "ಬಾಬಾ, ಇಷ್ಟು ದಿನ ಇವು ಹೀಗಿರ್ಲಿಲ್ಲ ಅಲ್ವಾ? ಎಂತ ಆಗಿತ್ತು? ನಾಳೆ ಫೋನ್ ಮಾಡಿ ಸರಿಯಾಗಿ ಹೇಳು" ಎಂದು ಇಟ್ಟುಬಿಟ್ಟರು. ನಾನು ಮರುದಿನ ಆಫೀಸಿನಲ್ಲಿ ಗೆರೆ ಎಳೆಯದೆ ಯೋಚಿಸಿದೆ. ಡ್ರಾಯಿಂಗ್ ನನ್ನದು, ಸುಳ್ಳೂ ನನ್ನದು. ಆದರೆ ತಲೆ ಸವರಿ ಹೋದವರ ಹತ್ತಿರ ಅದನ್ನು ನನ್ನ ಬಾಯಿಂದ ಹೇಳುವ ಚೈತನ್ಯ ಉಳಿದಿರಲಿಲ್ಲ. ಕೆಲಸ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ನಿಂತು, ವೀಡಿಯೋ ಇಲ್ಲದ ಸಾದಾ ಕರೆ ಮಾಡಿ, ನನ್ನಲ್ಲಿದ್ದ ಅತ್ಯುತ್ತಮ ಸ್ವರವನ್ನು ತೆಗೆದೆ.

"ಟೀಚರೇ, ನಾನು ದಿವಾಕರ. ಹುಡುಗನ ನಂಬರಿಂದ ಮಾಡ್ತಿದ್ದೇನೆ. ಅದು ವೈರು ಕೊಟ್ಟದ್ದು ತಪ್ಪಾಗಿತ್ತು. ನನ್ನದೇ ತಪ್ಪು. ಪಚ್ಚುನದ್ದು ಎಂತ ಇಲ್ಲ, ಪಾಪ."



"ಹೌದು ದಿವಾಕರ" ಎಂದರು ಟೀಚರ್. "ಬೆಳಿಗ್ಗೆ ಫೋನ್ ಮಾಡಿದಾಗ್ಲೂ ನೀನು ಇದನ್ನೇ ಹೇಳಿದ್ದಿ. ತಪ್ಪೆಲ್ಲ ನಂದೇ, ಹುಡುಗನಿಗೆ ಬೈಬೇಡಿ ಅಂತ."

ನನ್ನ ಕಿವಿಯಲ್ಲಿ ಫೋನು ಬಿಸಿಯಾಯಿತು. ನಿಜವಾದ ಭಾವ ನನಗಿಂತ ಮೊದಲೇ ಕರೆ ಮಾಡಿ ಮುಗಿಸಿದ್ದರು.

"ಆದ್ರೆ ಬೆಳಿಗ್ಗೆ ಇನ್ನೂ ತುಂಬ ಹೇಳಿದ್ದಿ. ಹುಡುಗ ಕೆಲಸದಿಂದ ಬಂದವನು ಊಟ ಬಿಟ್ಟು ಪೆಟ್ಟಿಗೆ ಮುಂದೆ ಕೂರ್ತಾನೆ, ಅವಕ್ಕೆ ಏನಾದ್ರೂ ಆದ್ರೆ ಅವನೇ ಸಾಯ್ತಾನೆ, ಅಂಥ ಹುಡುಗ ಅಂತ ಅಷ್ಟು ಹೊಗಳಿದ್ದಿ. ಈಗ ಅದೊಂದೂ ಹೇಳ್ಲಿಲ್ಲ. ಹೇಳು ನೋಡುವಾ, ಕೇಳ್ತೇನೆ."

ಬಾಯಿ ತೆರೆದೆ. ಮ್ಯಾನೇಜರಿನ ಸ್ವರ ಬರುತ್ತದೆ, ಅಕ್ಕನದ್ದು ಬರುತ್ತದೆ, ಟೀಚರದ್ದೇ ಬರುತ್ತದೆ. ಭಾವನ ಸ್ವರ ಮಾತ್ರ, ಅಷ್ಟು ಹೊತ್ತು ಸಲೀಸಾಗಿ ಬರುತ್ತಿದ್ದದ್ದು, ಆ ಮಾತುಗಳನ್ನು ಹೊರಲು ಒಪ್ಪಲಿಲ್ಲ. ಬಂದದ್ದು ಒಣಗಿದ, ಅಭ್ಯಾಸವಿಲ್ಲದ, ಎಲ್ಲೂ ಕೇಳಿದ ನೆನಪಿಲ್ಲದ ಒಂದು ಸ್ವರ. "ಟೀಚರ್, ಡ್ರಾಯಿಂಗ್ ನಾನು ಕಾಪಿ ಮಾಡಿದ್ದು" ಎಂದಿತು ಅದು.

ಯಾರದ್ದಪ್ಪಾ ಇದು ಎಂದು ನಾನು ಯೋಚಿಸುತ್ತಿರುವಾಗಲೇ ಟೀಚರಿಗೆ ಗುರುತು ಸಿಕ್ಕಿಬಿಟ್ಟಿತ್ತು. "ಹಾಂ ಬಾಬಾ, ಈಗ ಹೇಳು" ಎಂದರು.